ತೊಟ್ಟಿಲು ಎಣಿಸಿದ ಮಳೆಗಾಲ

ಕಳೆದ ವಾರ ಇನ್ನಂಜೆಯ ಹೆರಿಗೆ ಕೇಂದ್ರದ ಜಗಲಿಯಲ್ಲಿ ಕೊಡೆ ಮಡಚುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಫಿನಾಯಿಲು, ಒದ್ದೆ ಸೌದೆಯ ಹೊಗೆ, ಬಾಣಂತಿಯ ಸ್ನಾನಕ್ಕೆಂದು ಸೊಪ್ಪು ಹಾಕಿ ಕುದಿಸಿದ ನೀರು, ನಡುವೆ ಎಲ್ಲಿಂದಲೋ ಸಣ್ಣಗೆ ಮಲ್ಲಿಗೆ. ಬೇರೆಯವರಿಗೆ ಇಂಥ ವಾಸನೆ ಬಂದರೆ ಅಮ್ಮನ ನೆನಪಾಗುತ್ತದೆ. ನನಗೆ ನನ್ನ ಜೀವನದ ಅತಿ ದೊಡ್ಡ ಸೊನ್ನೆಯ ನೆನಪಾಯಿತು. ಕಾಲೇಜಿನಲ್ಲಿ ತೆಗೆದ ಸೊನ್ನೆಗಳನ್ನೆಲ್ಲ ಪಕ್ಕದಲ್ಲಿಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಆರು ವರ್ಷದ ಹಿಂದೆ ನನಗೆ ಇಪ್ಪತ್ತೆರಡು. ಮಣಿಪಾಲದ ಗುಡ್ಡದ ಮೇಲೆ, ಒಂದು ಬಾಡಿಗೆ ಮನೆಯಲ್ಲಿ, ತಾಯಿ ಮತ್ತು ಮಗುವಿನ ಆರೋಗ್ಯ ಯೋಜನೆಯೊಂದರ ಕಚೇರಿಯಿತ್ತು. ಊರಿಗೊಬ್ಬ ನರ್ಸನ್ನು ಕೊಟ್ಟು, ಬಸುರಿಯರನ್ನು ನೋಡಿ, ಹೆರಿಗೆ ಮಾಡಿಸಿ, ಮಕ್ಕಳ ನಡುವೆ ಅಂತರ ಇಡುವುದು ಹೇಗೆಂದು ಹೇಳಿಕೊಡುವ ಐದು ವರ್ಷದ ಯೋಜನೆ. ಅರ್ಧ ದಾರಿ ಮುಗಿದಿತ್ತು. ಇಷ್ಟರವರೆಗೆ ಕೆಲಸ ನಡೆದಿದೆಯೇ ನೋಡಿ, ನಡೆಯದ ಕೇಂದ್ರಗಳನ್ನು ಮುಚ್ಚಿ, ಉಳಿದವುಗಳಿಗೆ ಮಾತ್ರ ಮುಂದಿನ ಅರ್ಧ ದಾರಿ ಕೊಡಬೇಕೆಂದು ಮೇಲಿನಿಂದ ಆಜ್ಞೆ ಬಂದಿತ್ತು. ಮನೆ ಮನೆಗೆ ಹೋಗಿ ಕೇಳಿ ಬರೆಯುವ ಆ ಕೆಲಸಕ್ಕೆ ಹೆಂಗಸರನ್ನೇ ಕಳಿಸಬೇಕೆಂದು ಯೋಜನೆಯ ಡಾಕ್ಟರಮ್ಮ ಹಟ ಹಿಡಿದಿದ್ದರಂತೆ. ಆದರೆ ಸುರಿವ ಮಳೆಯಲ್ಲಿ ಗದ್ದೆ ದಾಟಲು ಯಾವ ಮನೆಯವರೂ ಮಗಳನ್ನು ಕಳಿಸಲಿಲ್ಲ. ನನ್ನನ್ನು ನಮ್ಮ ಮನೆಯವರು ಬಹಳ ಸಂತೋಷದಿಂದ ಕಳಿಸಿದರು.

"ಹೆರಿಗೆಯ ಬಗ್ಗೆ ನಿನಗೆ ಎಂತ ಗೊತ್ತುಂಟು ಸುಧಾಕರ?" ಎಂದು ಡಾಕ್ಟರಮ್ಮ ಸಂದರ್ಶನದಲ್ಲಿ ಕೇಳಿದರು.

"ಒಮ್ಮೆ ಹುಟ್ಟಿದ್ದೇನೆ ಮೇಡಂ," ಎಂದೆ.

ಅವರು ನಗಲಿಲ್ಲ. ಆದರೆ ಹೆಸರು ಬರೆದುಕೊಂಡರು.

ನನ್ನ ಹಾಗೆಯೇ ಸೇರಿದ ಇನ್ನೊಬ್ಬ ಸದಾನಂದ. ಇಬ್ಬರೂ ಪರ್ಕಳದಲ್ಲಿ ಒಂದು ಕೋಣೆ ಹಿಡಿದೆವು. ಸ್ವಂತ ಊರಿನಲ್ಲಿ ವಿಚಾರಿಸಬಾರದೆಂಬ ನಿಯಮದಿಂದಾಗಿ, ಕಾರ್ಕಳದವನಾದ ನನಗೆ ಕಾಪು ಕಡೆಯ ಇನ್ನಂಜೆಯೂ, ಕಾಪುವಿನವನಾದ ಅವನಿಗೆ ಕಾರ್ಕಳವೂ ಬಿತ್ತು. ಎಲ್ಲೋ ಘಟ್ಟದಾಚೆಯಲ್ಲಿ ಅಚ್ಚಾಗಿ ಬಂದ ಫಾರಂ ಕೈಗೆ ಸಿಕ್ಕಿತು. ಪ್ರಶ್ನೆಗಳು ಮೂವತ್ತೆರಡು. ಮೊದಲನೆಯದು, ಉತ್ತರಿಸುವ ಹೆಂಗಸು ಈಗ ಗರ್ಭಿಣಿಯೇ? ಎರಡನೆಯದು, ಈ ಮನೆಯಲ್ಲಿರುವ ಸೊಸೆಯಂದಿರು ಎಷ್ಟು? ಎರಡನೆಯದಕ್ಕೆ ಉತ್ತರ ಸೊನ್ನೆಯಾದರೆ ಉಳಿದ ಮೂವತ್ತು ಪ್ರಶ್ನೆ ಬಿಟ್ಟು ನೇರ ಕೊನೆಯ ಪುಟಕ್ಕೆ ಹಾರಿ ರುಜು ಹಾಕಬಹುದಿತ್ತು. ಇಂಥ ಸೌಕರ್ಯ ಇರುವ ಪ್ರಶ್ನೆಪತ್ರಿಕೆಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮೊದಲ ದಿನ ಕಾಪುವಿನಲ್ಲಿ ಬಸ್ಸಿಳಿದು ಇನ್ನಂಜೆಗೆ ನಡೆದೆ. ಗದ್ದೆಯ ಅಂಚಿನ ಮೇಲೆ ಮೂರು ಕಡೆ ಜಾರಿದೆ. ನಾಲ್ಕನೆಯ ಕಡೆ ಜಾರಲಿಲ್ಲ, ನೇರ ಬಿದ್ದೆ. ಎದೆಯವರೆಗೆ ಕೆಸರು ಮೆತ್ತಿಕೊಂಡು, ಫಾರಂಗಳನ್ನು ತಲೆಯ ಮೇಲೆ ಹೊತ್ತುಕೊಂಡು ಕೇಂದ್ರದ ಜಗಲಿ ಹತ್ತಿದಾಗ ನರ್ಸ್ ಸಿಸಿಲಿ ಬಾಯಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಯಾರನ್ನು ಕರ್ಕೊಂಡು ಬಂದದ್ದು? ನೋವು ಶುರುವಾಗಿ ಎಷ್ಟು ಹೊತ್ತಾಯ್ತು?"

ಹೆಂಡತಿಯ ಹೆರಿಗೆಗೆ ಓಡಿ ಬಂದ ಗಂಡಸರು ಮಾತ್ರ ಅಂಥ ಅವತಾರದಲ್ಲಿ ಅಲ್ಲಿಗೆ ಬರುತ್ತಿದ್ದರಂತೆ. ನಾನು ಅವರ ಕೆಲಸವನ್ನು ಪರೀಕ್ಷಿಸಲು ಬಂದ ಅಧಿಕಾರಿ ಎಂದೆ. ಅವರು ಒಳಗಿನಿಂದ ಒಂದು ಟವೆಲು ತಂದುಕೊಟ್ಟು, "ಅಧಿಕಾರಿಗಳು ಮೊದಲು ಬಾವಿಕಟ್ಟೆಗೆ ಹೋಗಿ," ಎಂದರು.

ಸಿಸಿಲಿ ಬಾಯಿ ಶಂಕರಪುರದ ಕಡೆಯ ಕ್ರಿಶ್ಚಿಯನ್ ಮನೆಯವರು, ಊರಿನವರಿಗೆಲ್ಲ ಬರೀ 'ಬಾಯಿ'. ನಲವತ್ತರ ಆಸುಪಾಸು. ಬಿಳಿ ಸೀರೆಯನ್ನು ಕಣಕಾಲಿನ ಮೇಲೆ ಎತ್ತಿ ಸಿಕ್ಕಿಸಿ, ಒಂದು ಕೈಯಲ್ಲಿ ಕಪ್ಪು ಚೀಲ, ಇನ್ನೊಂದರಲ್ಲಿ ಕೊಡೆ ಹಿಡಿದು ಅಂಚಿನ ಮೇಲೆ ಹೊರಟರೆಂದರೆ ಉಡುಪಿಯ ರಸ್ತೆಯಲ್ಲಿ ನಡೆದಂತೆ ನಡೆಯುತ್ತಿದ್ದರು. ಮಧ್ಯಾಹ್ನ ನನಗೂ ಒಂದು ಬಟ್ಟಲು ಗಂಜಿ, ಜೊತೆಗೆ ಒಣಮೀನಿನ ಚಟ್ನಿ. ಆ ಚಟ್ನಿಗಾಗಿಯೇ ನಾನು ಬೇಗ ಬೇಗ ಮನೆಗಳನ್ನು ಮುಗಿಸುತ್ತಿದ್ದೆ. ಈಗ ಹೇಳಲು ಹೊರಟ ಅನಾಹುತದಲ್ಲಿ ಚಟ್ನಿಯ ಪಾಲೂ ಉಂಟು.

ಮೊದಲ ಮನೆ ದೇಯಿ ಅಜ್ಜಿಯದು. ಎಪ್ಪತ್ತು ದಾಟಿದ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಹಲಸಿನ ಬೀಜ ಸುಲಿಯುತ್ತಿದ್ದರು. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಯಮವೆಂದರೆ ನಿಯಮ ಎಂದುಕೊಂಡು ನಾನು ಮೊದಲನೆಯ ಪ್ರಶ್ನೆ ಕೇಳಿದೆ.

"ಅಜ್ಜೀ, ನೀವು ಈಗ ಗರ್ಭಿಣಿಯಾ?"

ಅಜ್ಜಿಯ ಕೈಯ ಬೀಜ ಕೆಳಗೆ ಬಿತ್ತು. ನನ್ನನ್ನು ಸ್ವಲ್ಪ ಹೊತ್ತು ನೋಡಿ ಒಳಗಡೆ ತಿರುಗಿದರು. "ಓ ಕಮಲಾ, ಬಾ ಇಲ್ಲಿ. ನನಗೆ ಹೊಟ್ಟೆಯುಂಟಾ ಅಂತ ಕೇಳ್ಲಿಕ್ಕೆ ಮಣಿಪಾಲದಿಂದ ಒಬ್ಬ ಬಂದಿದ್ದಾನೆ. ನಿನ್ನ ಅಪ್ಪ ಹೋಗಿ ಇಪ್ಪತ್ತು ವರ್ಷ ಆಯ್ತು ಅಂತ ಅವನಿಗೆ ಸ್ವಲ್ಪ ಹೇಳು ಮಾರಾಯ್ತಿ!"

ಮಗಳು ಕಮಲ ಸೊಂಟದ ಮೇಲೆ ಮಗುವನ್ನಿಟ್ಟುಕೊಂಡು ಬಾಗಿಲಿಗೆ ಬಂದು ನಗತೊಡಗಿದಳು. ಅವಳು ಕುಲುಕಿ ನಕ್ಕದ್ದಕ್ಕೆ ಮಗು ಹೆದರಿ ಕಿರುಚಿತು. ಆ ಕಿರುಚಾಟದ ನಡುವೆ ನಾನು ಎರಡನೆಯ ಪ್ರಶ್ನೆ ಕೇಳಿದೆ.

"ಸೊಸೆಯಾ? ಉಂಟು ಒಬ್ಬಳು. ಅವಳು ಇಲ್ಲಿ ಎಂತಕ್ಕೆ ಇರ್ತಾಳೆ? ಅವಳ ತಾಯಿಮನೆಯಲ್ಲಿ ಇದ್ದಾಳೆ. ಇಲ್ಲಿ ಯಾರೂ ಇಲ್ಲ," ಎಂದರು ಅಜ್ಜಿ.

ಮಗು ಅಳುವ ಗದ್ದಲದಲ್ಲಿ ಉತ್ತರ ಸರಿಯಾಗಿ ಕೇಳಿಸದೆ ಎರಡು ಸಲ ಕೇಳಿ, ಸೊನ್ನೆ ಬರೆದು, ಈ ಮನೆಯಲ್ಲಿ ಹೆರಿಗೆಯಾಗಿಲ್ಲವೆಂದು ರುಜು ಹಾಕಿದವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಹೀಗೆಯೇ ಮನೆಯಿಂದ ಮನೆಗೆ ಹೋದೆ. ಕೆಲವು ಕಡೆ ಅಂಗಳದಲ್ಲಿ ಮಗುವಿನ ಬಟ್ಟೆಗಳು ಒಣಗದೆ ತೂಗುತ್ತಿದ್ದವು. ಒಂದು ಮನೆಯಲ್ಲಿ ಮಗುವೊಂದು ತೆವಳಿ ಬಂದು ನನ್ನ ಫಾರಂನ ಮೂಲೆಯನ್ನೇ ತಿಂದಿತು. ಅಲ್ಲಿಯೂ ಸೊನ್ನೆ. ಸಿಸಿಲಿ ಬಾಯಿಯ ರಿಜಿಸ್ಟರಿನಲ್ಲಿ ಎರಡೂವರೆ ವರ್ಷಕ್ಕೆ ನಲವತ್ತೊಂದು ತಾಯಂದಿರ ಹೆಸರಿತ್ತು. ನನ್ನ ಫಾರಂಗಳಲ್ಲಿ ಸಿಕ್ಕಿದ್ದು ಆರು. ಉಳಿದ ಮೂವತ್ತೈದು ಹೆಸರು ಸುಳ್ಳು ಎಂದು ನಾನು ತೀರ್ಮಾನಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಸ್ವಲ್ಪ ಸಾಹಿತ್ಯವೂ ಇರಲೆಂದು ವರದಿಯ ಕೊನೆಯಲ್ಲಿ, 'ಉಳಿದ ಮೂವತ್ತೈದು ತಾಯಂದಿರು ಇನ್ನಂಜೆಯ ಮಳೆಯಲ್ಲಿ ಕರಗಿಹೋಗಿರಬೇಕು' ಎಂದು ಬರೆದೆ. ಪರ್ಕಳದ ಕೋಣೆಯಲ್ಲಿ ಅದನ್ನು ಸದಾನಂದನಿಗೆ ಓದಿ ತೋರಿಸಿದೆ. ಅವನು ಚಪ್ಪಾಳೆ ತಟ್ಟಿದ. ನಾನು ಇನ್ನೊಮ್ಮೆ ಓದಿದೆ.

ವರದಿಯ ನಕಲಿನೊಂದಿಗೆ ಸಿಸಿಲಿ ಬಾಯಿಗೆ ಕಾಗದ ಹೋಯಿತು. ತಿಂಗಳೊಳಗೆ ಸಮಿತಿಯವರು ಬರುತ್ತಾರೆ, ಹೆಸರುಗಳಿಗೆ ಸಮಜಾಯಿಷಿ ಇಲ್ಲದಿದ್ದರೆ ಕೇಂದ್ರ ಮುಚ್ಚಲಾಗುತ್ತದೆ ಎಂದು. ಅವರ ಉತ್ತರ ಒಂದೇ ಸಾಲು. 'ಎಲ್ಲರೂ ಇದ್ದಾರೆ, ಬಂದರೆ ತೋರಿಸುತ್ತೇನೆ.' ಡಾಕ್ಟರಮ್ಮ ತಲೆಯಾಡಿಸಿದರು. ಪರೀಕ್ಷೆಗೆ ಕೂತವರೇ ಉತ್ತರ ತಿದ್ದಲಿಕ್ಕೆ ಆಗುವುದಿಲ್ಲ ಎಂದರು.

ಆ ಭಾನುವಾರ ನಾನು ಕಾರ್ಕಳಕ್ಕೆ ಹೋದೆ. ಉಡುಪಿಗೆ ಮದುವೆಯಾಗಿ ಹೋದ ನನ್ನ ಅಕ್ಕ ಸುಮತಿ ಮನೆಗೆ ಬಂದು ಹೆತ್ತು ಹನ್ನೆರಡು ದಿನವಾಗಿತ್ತು. ನಾನು ಜಗಲಿಯಲ್ಲಿ ಕುಳಿತು ಸೋದರಮಾವನಾದ ಗಾಂಭೀರ್ಯವನ್ನು ಅಭ್ಯಾಸ ಮಾಡುತ್ತಿದ್ದಾಗ ಅಂಗಳಕ್ಕೆ ಒಂದು ಕೊಡೆ ಬಂತು, ಅದರಡಿಯಲ್ಲಿ ಸದಾನಂದ. ಅವನಿಗೆ ಕೆಲಸ ಬಾಕಿಯಿತ್ತು, ಹಾಗಾಗಿ ಭಾನುವಾರವೂ ಫಾರಂ ಹಿಡಿದು ಹೊರಟಿದ್ದ. ನಮ್ಮ ಮನೆ ಅವನ ಪಟ್ಟಿಯಲ್ಲಿತ್ತು. ನನ್ನನ್ನು ನೋಡಿದರೂ ನೋಡದ ಹಾಗೆ ಅಧಿಕಾರಿಯ ಮುಖ ಮಾಡಿ ಅಮ್ಮನನ್ನು ಕೇಳಿದ.

"ಈ ಮನೆಯಲ್ಲಿ ಸೊಸೆಯಂದಿರು ಎಷ್ಟು ಅಮ್ಮ?"

"ಸೊಸೆಯಾ? ಇವನನ್ನು ನೋಡಿದ್ದೀಯಲ್ಲ ಮಗಾ, ಇವನಿಗೆ ಯಾರು ಹೆಣ್ಣು ಕೊಡ್ತಾರೆ?"

ಸದಾನಂದ ಸೊನ್ನೆ ಬರೆದ. ಪುಟಗಳನ್ನು ಹಾರಿಸಿ ರುಜು ಹಾಕಿದ. ಒಳಗಿನಿಂದ ಹನ್ನೆರಡು ದಿನದ ನನ್ನ ಸೋದರಳಿಯ ಹಂಚು ಹಾರುವ ಹಾಗೆ ಅಳುತ್ತಿದ್ದ.

"ಏ ಸದಾನಂದ, ಒಳಗೆ ಮಗು ಅಳುವುದು ಕೇಳುವುದಿಲ್ವಾ ನಿನಗೆ?"

"ಕೇಳ್ತದೆ. ಆದರೆ ಅದು ಮಗಳದ್ದಲ್ವಾ? ಫಾರಂನಲ್ಲಿ ಮಗಳಿಗೆ ಜಾಗ ಇಲ್ಲ ಮಾರಾಯ."

ಒಳಗಿನಿಂದ ಅಕ್ಕನ ದನಿ ಬಂತು. "ಹಾಗಾದ್ರೆ ನಾನು ಹೆತ್ತದ್ದು ಎಂತ, ಹಲಸಿನಕಾಯಿಯಾ?"

ನನ್ನ ಗಾಂಭೀರ್ಯ ಜಗಲಿಯಿಂದ ಇಳಿದು ಹೋಯಿತು. ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ಮನೆ ಎಂದರೆ ತಾಯಿಯದು. ಮಗಳು ಅಲ್ಲಿಯೇ ಇರುತ್ತಾಳೆ, ಗಂಡನಾದವನು ಬಂದು ಹೋಗುತ್ತಾನೆ. ಉಳಿದ ಮನೆಗಳಲ್ಲಿಯೂ ಬಸುರಿ ಹೆರಿಗೆಗೆ ಹೋಗುವುದು ತಾಯಿಮನೆಗೆ. ಸೊಸೆಯನ್ನು ಲೆಕ್ಕ ಹಾಕಿ ಇಲ್ಲಿ ಹೆರಿಗೆ ಹುಡುಕುವುದೆಂದರೆ ಬಾವಿಯಲ್ಲಿ ತೆಂಗಿನಕಾಯಿ ಕೊಯ್ಯಲು ಇಳಿದಂತೆ. ಘಟ್ಟದಾಚೆಯವರು ಫಾರಂ ತಪ್ಪಾಗಿ ಮಾಡಿದರು, ಸರಿ. ನಾನು ಎಲ್ಲಿಯವನು? ಅಮ್ಮನ ತಾಯಿಮನೆಯ ಕತ್ತಲೆ ಕೋಣೆಯಲ್ಲಿ ಹುಟ್ಟಿ, ಅಕ್ಕನ ಬಾಣಂತನದ ನೀರಿಗೆ ಸೌದೆ ಒಡೆದುಕೊಟ್ಟವನು. ಮೂವತ್ತೈದು ಮನೆಗಳಲ್ಲಿ ಅಳುವ, ನಗುವ, ಕಾಗದ ತಿನ್ನುವ ಮಕ್ಕಳ ಎದುರಿಗೇ ಕುಳಿತು ಸೊನ್ನೆ ಬರೆದವನು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮನ ಮೇಜಿನ ಎದುರು ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು.

"ನೀನು ಒಮ್ಮೆ ಹುಟ್ಟಿದ್ದೇನೆ ಅಂದಿದ್ದೆ. ಎಲ್ಲಿ ಹುಟ್ಟಿದ್ದು ಅಂತ ನೆನಪಿರಲಿಲ್ಲ, ಅಲ್ವಾ?"

"ಇಲ್ಲ ಮೇಡಂ."

"ಸಮಿತಿ ಬರ್ಲಿಕ್ಕೆ ಹದಿನಾರು ದಿನ ಉಂಟು. ಎಲ್ಲ ಮನೆಗೂ ಪುನಃ ಹೋಗು. ಸಿಸಿಲಿ ನಿನ್ನ ಜೊತೆ ಬರಬಾರದು, ಯಾರನ್ನೂ ತೋರಿಸಲೂಬಾರದು. ಹಾಗಾದರೆ ಮಾತ್ರ ಸಮಿತಿಯವರು ನಂಬುತ್ತಾರೆ. ಮತ್ತೆ ಆ ಮಳೆಯ ವಾಕ್ಯ... ಇನ್ನೊಮ್ಮೆ ಅಂಥದ್ದು ಬರೆದರೆ ನಿನ್ನನ್ನೇ ಕರಗಿಸುತ್ತೇನೆ."

ಸಿಸಿಲಿ ಬಾಯಿಗೆ ಮುಖ ತೋರಿಸುವುದು ಇದಕ್ಕಿಂತ ಕಷ್ಟವಿತ್ತು. ಅವರು ಜಗಲಿಯಲ್ಲಿ ಕೂತು ಬಟ್ಟೆ ಮಡಚುತ್ತಿದ್ದರು. ನಾನು ತಪ್ಪು ಒಪ್ಪಿಕೊಳ್ಳುವಷ್ಟು ಹೊತ್ತೂ ಮಡಚುತ್ತಲೇ ಇದ್ದರು. ಆಮೇಲೆ ಒಳಗಿನಿಂದ ನನ್ನ ವರದಿಯನ್ನು ತಂದು, ಆ ಸಾಲನ್ನು ಶಾಲೆಯ ಹುಡುಗಿಯ ಹಾಗೆ ನಿಧಾನವಾಗಿ ಗಟ್ಟಿಯಾಗಿ ಓದಿದರು. ಕೋಣೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ವಾಕ್ಯ ಆ ಜಗಲಿಯಲ್ಲಿ ಹೇಗೆ ಕೇಳಿಸಿತೆಂದು ನನಗೆ ಬರೆಯಲಿಕ್ಕಾಗುವುದಿಲ್ಲ.

"ನನ್ನನ್ನು ಸುಳ್ಳಿ ಅಂತ ಬರೆದದ್ದಕ್ಕೆ ಬೇಜಾರಿಲ್ಲ," ಎಂದರು. ವರದಿಯನ್ನು ಮಡಚಿಟ್ಟು, "ಉಂಟು, ಸ್ವಲ್ಪ ಉಂಟು. ಆದರೆ ಆ ಮಕ್ಕಳನ್ನು ಹುಟ್ಟಿಯೇ ಇಲ್ಲ ಅಂತ ಮಾಡಿಬಿಟ್ರಲ್ಲ ಮಾರಾಯ್ರೇ. ಅದರಲ್ಲಿ ಎಷ್ಟು ಮಕ್ಕಳು ಉಲ್ಟಾ ಬಂದದ್ದು ಗೊತ್ತುಂಟಾ ನಿಮಗೆ? ಇದನ್ನು ಮುಚ್ಚಿದ್ರೆ ಬರುವ ಮಳೆಗಾಲದಲ್ಲಿ ನೋವು ಬಂದವಳನ್ನು ಮಂಚದಲ್ಲಿ ಹೊತ್ತುಕೊಂಡು ಕಾಪುವರೆಗೆ ಹೋಗ್ಬೇಕು. ಅಲ್ಲಿ ಬಸ್ಸು ಸಿಕ್ಕಿದ್ರೆ ಉಡುಪಿ. ಸಿಗದಿದ್ರೆ?"

ಮಧ್ಯಾಹ್ನ ಎಂದಿನಂತೆ ಗಂಜಿ ಬಡಿಸಿದರು. ಚಟ್ನಿ ಕೊಡಲಿಲ್ಲ.

ಎರಡನೆಯ ಸುತ್ತಿಗೂ ಮೊದಲು ಹೋದದ್ದು ದೇಯಿ ಅಜ್ಜಿಯ ಮನೆಗೆ. ದೂರದಿಂದಲೇ ನನ್ನನ್ನು ಕಂಡು ಅಜ್ಜಿ ಕೂಗಿದರು. "ಇಲ್ಲ ಮಗಾ, ಇನ್ನೂ ಆಗಲಿಲ್ಲ!" ಕಮಲ ನಕ್ಕು ಒಳಗೆ ಓಡಿದಳು. ನಾನು ಅಂಗಳದಲ್ಲಿಯೇ ನಿಂತು ನನ್ನ ಕಥೆ ಹೇಳಿದೆ. ಅಜ್ಜಿಯ ನಗು ನಿಂತಿತು.

"ಸಿಸಿಲಿ ಬಾಯಿಯನ್ನು ಕೆಲಸದಿಂದ ತೆಗೀತಾರಾ? ನಿನ್ನ ಕಾಗದದಿಂದಾಗಿಯಾ?" ಎಂದರು. "ಈ ಮಗು ಹೊರಗೆ ಬಂದಾಗ ನೀಲಿ ಬಣ್ಣ ಆಗಿತ್ತು. ಸತ್ತಿದೆ ಅಂತ ನಾನೇ ಅಳ್ಲಿಕ್ಕೆ ಶುರು ಮಾಡಿದ್ದೆ. ನಮ್ಮ ಬಾಯಿಯೇ ಅದರ ಬಾಯಿಗೆ ಬಾಯಿ ಇಟ್ಟು ಊದಿ ಊದಿ ಎಬ್ಬಿಸಿದ್ದು. ನೀನು ಸೊಸೆ, ಮಗಳು ಅಂತ ಎಂತಕ್ಕೆ ಕೇಳ್ತೀ? ತೊಟ್ಟಿಲು ಯಾವಾಗ ಕಟ್ಟಿದ್ರಿ ಅಂತ ಕೇಳು. ಮನೆ ಯಾರದ್ದಾದ್ರೂ ಆಗ್ಲಿ, ತೊಟ್ಟಿಲು ಮಗುವಿನದ್ದಲ್ವಾ?"

ಮೂವತ್ತೆರಡು ಪ್ರಶ್ನೆಗಳಲ್ಲಿ ಇಲ್ಲದ ಪ್ರಶ್ನೆ ಅದು. ಇನ್ನಂಜೆಯಲ್ಲಿ ಒಂದು ಮನೆಯ ತೊಟ್ಟಿಲು ಅದೇ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಮಗು ಹೊರಳಲು ಕಲಿತ ಕೂಡಲೇ ಬಸುರಿಯಿರುವ ಇನ್ನೊಂದು ಮನೆಗೆ ಹೋಗುತ್ತಿತ್ತು. ಅಜ್ಜಿಯ ಮನೆಯ ಹಲಸಿನ ಮರದ ತೊಟ್ಟಿಲೊಂದೇ ಏಳು ಮನೆ ತಿರುಗಿತ್ತು. ನಾನು ಪೊಲೀಸರ ನಾಯಿಯ ಹಾಗೆ ತೊಟ್ಟಿಲಿನ ಹಿಂದೆ ಹೋದೆ. ಇದು ಎಲ್ಲಿಂದ ಬಂತು? ಇಲ್ಲಿಂದ ಎಲ್ಲಿಗೆ ಹೋಯಿತು? ತಾರೀಕು ಯಾರಿಗೂ ಗೊತ್ತಿಲ್ಲ. ಗದ್ದೆಯಲ್ಲಿ ನೇಜಿ ನೆಡುವಾಗ, ಸುಗ್ಗಿ ಕೊಯ್ಯುವಾಗ, ಕೆಂಪು ದನ ಬಾವಿಗೆ ಬಿದ್ದ ವಾರ. ನಾನು ಸಿಸಿಲಿ ಬಾಯಿಯ ರಿಜಿಸ್ಟರಿನ ತಾರೀಕುಗಳನ್ನು ದನದ ಪಕ್ಕದಲ್ಲಿಟ್ಟು ನೋಡಿದರೆ ವಾರಕ್ಕೆ ವಾರ ಕೂಡುತ್ತಿತ್ತು. ಸಿಕ್ಕಿದ ಹೆಸರಿಗೆ ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕುತ್ತಾ ಹೋದೆ. ಉತ್ಸಾಹ ಏರಿ, ಒಂದು ಮನೆಯ ಕತ್ತಲಲ್ಲಿ ತೂಗುತ್ತಿದ್ದ ತೊಟ್ಟಿಲಿಗೆ ಬಗ್ಗಿ ಜೋಗುಳದ ದನಿಯಲ್ಲಿ ಮಾತಾಡಿಸಿದೆ. ಒಳಗೆ ಎರಡು ಸೌತೆಕಾಯಿ ಮಲಗಿದ್ದವು. ಆ ಸುದ್ದಿ ನನಗಿಂತ ಮೊದಲು ಮುಂದಿನ ಮನೆ ಮುಟ್ಟಿತ್ತು.

ಒಂದು ಮನೆಯಲ್ಲಿ ಮಾತ್ರ, "ಕಟ್ಟಿದ್ದು ಹೌದು. ಒಂಬತ್ತನೆಯ ದಿನ ಬಿಚ್ಚಿದೆವು," ಎಂದು ಹೇಳಿ ಆ ತಾಯಿ ಒಳಗೆ ಹೋದಳು. ರಿಜಿಸ್ಟರಿನಲ್ಲಿ ಆ ಸಾವೂ ಇತ್ತು. ಸಿಸಿಲಿ ಬಾಯಿ ಅಡಗಿಸಿರಲಿಲ್ಲ. ಅಲ್ಲಿ ಗೀಟು ಹಾಕುವಾಗ ನನಗೆ ಯಾವ ತಮಾಷೆಯೂ ಹೊಳೆಯಲಿಲ್ಲ.

ಹದಿನಾಲ್ಕನೆಯ ದಿನಕ್ಕೆ ನಲವತ್ತು ಗೀಟುಗಳಾದವು. ಉಳಿದದ್ದು ಒಂದು ಹೆಸರು. ಗುಲಾಬಿ, ಗಂಡ ಬಾಬು, ಹೆಣ್ಣು ಮಗು. ಯಾವ ತೊಟ್ಟಿಲೂ ಆ ಹೆಸರಿನ ಹತ್ತಿರ ಹೋಗಿರಲಿಲ್ಲ. ಇನ್ನೆರಡು ದಿನ ಸುತ್ತಿದೆ. ಇನ್ನಂಜೆಯಲ್ಲಿ ಗುಲಾಬಿಯರು ನಾಲ್ವರಿದ್ದರು, ಒಬ್ಬಳಿಗೂ ಬಾಬು ಎಂಬ ಗಂಡನಿರಲಿಲ್ಲ.

"ಒಂದು ಗೀಟು ಹಾಕಿಬಿಡು ಮಾರಾಯ. ಮೂವತ್ತೈದು ಸೊನ್ನೆ ಹಾಕಿದವನಿಗೆ ಒಂದು ಗೀಟು ಭಾರವಾ?" ಎಂದ ಸದಾನಂದ.

ಕೈ ತುರಿಸಿದ್ದು ನಿಜ. ಸಿಸಿಲಿ ಬಾಯಿಯನ್ನು ಕೇಳಿದೆ.

"ನಾನು ತೋರಿಸಬಾರದು ಅಂತ ರೂಲು ಉಂಟಲ್ಲ?" ಎಂದರು. "ಅವಳು ಇದ್ದಾಳೆ. ಈಗ ಇನ್ನಂಜೆಯಲ್ಲಿ ಇಲ್ಲ. ಎಲ್ಲಿ ಅಂತ ನನಗೂ ಗೊತ್ತಿಲ್ಲ. ಸಿಗ್ಲಿಲ್ಲ ಅಂದ್ರೆ ಸಿಗ್ಲಿಲ್ಲ ಅಂತಲೇ ಬರೀರಿ. ನನಗೋಸ್ಕರ ಸುಳ್ಳು ಬೇಡ."

ಹಾಗೆಯೇ ಬರೆದೆ. ಸಮಿತಿಯವರು ಬಂದ ದಿನ ಮಳೆ ಸ್ವಲ್ಪ ಬಿಟ್ಟಿತ್ತು. ಮೂವರಲ್ಲಿ ಹಿರಿಯರು ರಿಜಿಸ್ಟರಿನ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಬಂದು ಗೀಟಿಲ್ಲದ ಹೆಸರಿನ ಮೇಲೆ ನಿಲ್ಲಿಸಿದರು. "ಇದು ಸುಳ್ಳು ಹೆಸರೇ?"

ಸಿಸಿಲಿ ಬಾಯಿ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ನಾನು ಮುಂದೆ ಬಂದೆ. "ಹುಡುಕಿದವನ ತಪ್ಪಿರಬಹುದು ಸಾರ್. ಮೂವತ್ತನಾಲ್ಕು ಜನರನ್ನು ಎದುರಿಗೇ ಇಟ್ಟುಕೊಂಡು ಕಾಣದವನು, ಒಬ್ಬಳನ್ನು ಕಾಣದಿರುವುದು ದೊಡ್ಡದಲ್ಲ," ಎಂದೆ. ಅವರು ನಕ್ಕರು. ಕೇಂದ್ರ ಉಳಿಯಿತು. ಫಾರಂನ ಎರಡನೆಯ ಪ್ರಶ್ನೆಯನ್ನು ಡಾಕ್ಟರಮ್ಮ ತಾವೇ ಹೊಡೆದು ಹಾಕಿ ತೊಟ್ಟಿಲಿನ ಪ್ರಶ್ನೆ ಬರೆಸಿದರು. ನನಗೆ ಕೆಲಸ ಹೋಗಲಿಲ್ಲ. ಫಾರಂ ಹೊತ್ತು ಹಂಚುವ ಕೆಲಸಕ್ಕೆ ಹಾಕಿದರು. ಬರೆಯುವುದಕ್ಕಿಂತ ಹೊರುವುದೇ ನನಗೆ ಕ್ಷೇಮ ಎಂದರು.

ಆ ಮಧ್ಯಾಹ್ನ ಗಂಜಿಗೆ ಕೂತಾಗ ಆಸೆಯಿಂದ ಬಟ್ಟಲಿನ ಪಕ್ಕ ನೋಡಿದೆ. ಬರೀ ಉಪ್ಪಿನಕಾಯಿ.

"ಚಟ್ನಿ?" ಎಂದೆ.

"ಒಬ್ಬಳು ಬಾಕಿ ಉಂಟಲ್ಲ ಮಾರಾಯ್ರೇ," ಎಂದರು ಸಿಸಿಲಿ ಬಾಯಿ.

ಐದು ವರ್ಷ ಮುಗಿದ ಮೇಲೂ ಯೋಜನೆ ಮುಂದುವರಿಯಿತು. ಫಾರಂ ಹೊತ್ತು ವರ್ಷಕ್ಕೆ ಒಂದೆರಡು ಸಲ ಇನ್ನಂಜೆಗೆ ಹೋಗುತ್ತಿದ್ದೆ. ಗಂಜಿ ಸಿಗುತ್ತಿತ್ತು, ಉಪ್ಪಿನಕಾಯಿ ಸಿಗುತ್ತಿತ್ತು. ನಗುನಗುತ್ತಲೇ ಇದ್ದರೂ ಒಳಗೆ ಒಂದು ಮುಳ್ಳು ಉಳಿದಿತ್ತು. ಆ ಒಂದು ಹೆಸರನ್ನು ಇವರು ಸುಮ್ಮನೆ ಬರೆದಿರಬಹುದೇ? ಅಂಥ ಯೋಚನೆ ಬಂದದ್ದಕ್ಕೆ ನಾಚಿಕೆಯಾಗುತ್ತಿತ್ತು. ಆದರೆ ಬರುತ್ತಿತ್ತು.

ಕಳೆದ ವಾರ ನಾನು ಕೊಡೆ ಮಡಚಿ ಫಾರಂಗಳ ಕಟ್ಟು ಇಳಿಸಿದಾಗ ಜಗಲಿಯ ಬೆಂಚಿನಲ್ಲಿ ತುಂಬಿದ ಬಸುರಿಯೊಬ್ಬಳು ಕೂತಿದ್ದಳು. ಪಕ್ಕದಲ್ಲಿ ಏಳು ವರ್ಷದ ಹುಡುಗಿ. ಯಾವ ಊರೆಂದು ಕೇಳಿದೆ. ಕಾರ್ಕಳ ಎಂದಳು. ಕಾರ್ಕಳದಲ್ಲಿ ಎಲ್ಲಿ ಎಂದರೆ, ನಮ್ಮ ಮನೆಯ ಹಿಂದಿನ ಕಲ್ಲುಕೋರೆ. ನನ್ನ ಅಮ್ಮ ಕೂಗಿದರೆ ಕೇಳುವಷ್ಟು ಹತ್ತಿರ.

"ಕಾರ್ಕಳದಲ್ಲಿ ಆಸ್ಪತ್ರೆ ಉಂಟಲ್ಲ. ಈ ಮಳೆಯಲ್ಲಿ ಇಷ್ಟು ದೂರ ಎಂತಕ್ಕೆ ಬಂದ್ರಿ?"

"ಹೆರಿಗೆಗೆ ತಾಯಿಮನೆಗೆ ಬರ್ಬೇಕಲ್ವಾ?"

"ನಿಮ್ಮ ತಾಯಿಮನೆ ಇನ್ನಂಜೆಯಲ್ಲಿಯಾ?"

"ನನಗೆ ಎಲ್ಲಿಯ ತಾಯಿ? ನಾನು ಇವಳಿಗಿಂತ ಸಣ್ಣದಿರುವಾಗಲೇ ಹೋದರು." ಅವಳು ಮಳೆಯಾಚೆ ಕೈ ತೋರಿಸಿದಳು. "ಆ ಮೋರಿ ಉಂಟಲ್ಲ, ಅದನ್ನು ಕಟ್ಟುವಾಗ ನಾವು ಕಲ್ಲು ಕೆಲಸದವರು ಇಲ್ಲಿ ಗುಡಿಸಲು ಹಾಕಿ ಇದ್ದದ್ದು. ಇವಳು ಆಗ ಹುಟ್ಟಿದ್ದು. ಬಾಯಿ ಅಲ್ಲಿಗೇ ಬಂದಿದ್ದರು. ಹದಿನೈದು ದಿನ ಸ್ನಾನದ ನೀರೂ ಅವರೇ ಕಾಯಿಸಿ ಕೊಟ್ಟದ್ದು."

ನಾನು ಬೆಂಚಿನ ಹತ್ತಿರ ಹೋದೆ. "ತೊಟ್ಟಿಲು?"

"ತೊಟ್ಟಿಲು ಎಲ್ಲಿಂದ ಬರ್ಬೇಕು? ಗೇರು ಮರಕ್ಕೆ ಹಳೆ ಸೀರೆ ಕಟ್ಟಿದ್ದು."

ಒಳಗಿನಿಂದ ಸಿಸಿಲಿ ಬಾಯಿಯ ಸ್ವರ ಬಂತು. "ಗುಲಾಬಿ, ಒಳಗೆ ಬಾ."

ನನ್ನ ಬುದ್ಧಿವಂತ ತೊಟ್ಟಿಲಿನ ಪ್ರಶ್ನೆಯೂ ಅವಳನ್ನು ದಾಟಿ ಹೋಗಿತ್ತು. ಮನೆಯಿದ್ದವರನ್ನು ಮಾತ್ರ ಕೇಳಿದವನಿಗೆ ಮರಕ್ಕೆ ಕಟ್ಟಿದ ಸೀರೆ ಹೇಗೆ ಕಾಣಬೇಕು?

ಬಾಯಿಯ ತಲೆ ಈಗ ಅರ್ಧ ಬೆಳ್ಳಗಾಗಿದೆ. ಮೇಜಿನ ಮೇಲೆ ಹೊಸ ರಿಜಿಸ್ಟರು. ಗಂಡನ ಹೆಸರಿನ ಪಕ್ಕದಲ್ಲಿ ಅವರೇ ಸ್ಕೇಲು ಹಿಡಿದು ಇನ್ನೊಂದು ಕಾಲಂ ಎಳೆದಿದ್ದಾರೆ, ತಾಯಿಮನೆ ಎಂದು. ಗುಲಾಬಿಯ ಹೆಸರಿನ ಎದುರು ಆ ಕಾಲಂನಲ್ಲಿ ಶಾಯಿ ಇನ್ನೂ ಒದ್ದೆಯಿತ್ತು. 'ಇಲ್ಲಿಯೇ.'

ನಾನು ಕಪಾಟಿನ ಅಡಿಯಿಂದ ಹಳೆಯ ರಿಜಿಸ್ಟರನ್ನು ಎಳೆದು ತೆಗೆದೆ. ನಲವತ್ತು ಗೀಟುಗಳು ಮಾಸಿ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಹುಡುಗಿ ಕುತೂಹಲದಿಂದ ಮೇಜಿನ ಅಂಚಿಗೆ ಗಲ್ಲ ಊರಿ ನೋಡುತ್ತಿದ್ದಳು. ಜೇಬಿನಲ್ಲಿ ಕೆಂಪು ಪೆನ್ಸಿಲು ಇರಲಿಲ್ಲ, ನೀಲಿಯಿತ್ತು. ಅದರಲ್ಲೇ ಹಾಕಿದೆ.

ಸಿಸಿಲಿ ಬಾಯಿ ಗುಲಾಬಿಯ ಹೊಟ್ಟೆಯ ಮೇಲೆ ಕೈಯಿಟ್ಟು ಲೆಕ್ಕ ಹಾಕುತ್ತಿದ್ದವರು ನನ್ನ ಕಡೆ ತಿರುಗಲೂ ಇಲ್ಲ.

"ಕೈ ತೊಳೆದು ಕೂತ್ಕೊಳ್ಳಿ," ಎಂದರು. "ಗಂಜಿ ಆಗಿದೆ. ಭರಣಿ ಮೇಲಿನ ಹಲಗೆಯಲ್ಲುಂಟು, ಚಟ್ನಿ ನೀವೇ ಹಾಕ್ಕೊಳ್ಳಿ."